ರುಪೇ ಕಾರ್ಡು ಎಲ್ಲೆಲ್ಲಿ ನಡೆಯುತ್ತದೆ?



ಊರಿನ ದಿನಸಿ ಅಂಗಡಿಯಲ್ಲಿ, ಲಕ್ಷ್ಮಿಯ ಪಟದ ಪಕ್ಕದಲ್ಲಿ, "ಇಂದು ನಗದು, ನಾಳೆ ಉದ್ರಿ" ಎಂಬ ಬೋರ್ಡು ತೂಗುತ್ತಿದ್ದುದನ್ನು ಪೋಷಕರಲ್ಲಿ ಅನೇಕರು ನೋಡಿರುತ್ತೀರಿ. ಮಾರನೆಯ ದಿನ ಹೋದರೂ ಬೋರ್ಡು ಅದನ್ನೇ ಹೇಳುತ್ತದೆ! ಆದರೂ ಆ ಅಂಗಡಿಗಳಲ್ಲಿ ಉದ್ರಿ ನಡೆಯುತ್ತಲೇ ಇತ್ತು. ಉದ್ದನೆಯ ಲೆಕ್ಕದ ಪುಸ್ತಕದಲ್ಲಿ "ಮೇಷ್ಟ್ರ ಮನೆ, ಬೆಲ್ಲ 2 ಕೆ.ಜಿ." ಎಂದು ಬರೆದುಕೊಂಡು ಸಾಮಾನು ಕೊಡುತ್ತಿದ್ದರು. ಏಕೆಂದರೆ ಅಂಗಡಿಯವರಿಗೆ ಮೇಷ್ಟ್ರು ಯಾರೆಂದು ಗೊತ್ತು, ಅವರ ಮನೆ ಗೊತ್ತು, ಸಂಬಳ ಯಾವತ್ತು ಬರುತ್ತದೆ ಎಂಬುದೂ ಗೊತ್ತು.

ಕ್ರೆಡಿಟ್ ಕಾರ್ಡು ಎಂಬುದು ಇದೇ ಉದ್ರಿ ಪುಸ್ತಕದ ಮುಂದುವರಿದ ರೂಪ. ಆದರೆ ಒಂದು ಅಂಗಡಿಯಲ್ಲಿ ನಡೆಯುವ ಕಾರ್ಡು ಪಕ್ಕದ ಅಂಗಡಿಯಲ್ಲಿ ನಡೆಯದೆ ಹೋಗಬಹುದು. ಏಕೆ ಹೀಗೆ? ಈ ಪ್ರಶ್ನೆ ನಮ್ಮ ಮನೆಗೇ ಬಂದ ಬಗೆಯನ್ನು ಮೊದಲು ಹೇಳುತ್ತೇವೆ.

2023ರ ಡಿಸೆಂಬರ್ ರಜೆಯಲ್ಲಿ ಪುತ್ತೂರಿನಿಂದ ನಮ್ಮ ಅತ್ತೆಯವರು ಅಬುಧಾಬಿಗೆ ಬಂದಿದ್ದರು. ಅವರು ನಿವೃತ್ತ ಶಿಕ್ಷಕಿ. ಮೊಮ್ಮಗನ ಹುಟ್ಟುಹಬ್ಬಕ್ಕೆ ತಮ್ಮ ಪಿಂಚಣಿಯ ಹಣದಲ್ಲೇ ಏನಾದರೂ ಕೊಡಿಸಬೇಕು, ಮಗನ ಕೈಯಿಂದ ತೆಗೆದುಕೊಂಡು ಕೊಡಿಸಿದರೆ ಅದು ಅಜ್ಜಿಯ ಉಡುಗೊರೆ ಹೇಗಾಗುತ್ತದೆ ಎಂಬುದು ಅವರ ವಾದ. ಒಂದು ದೊಡ್ಡ ಅಂಗಡಿಯಲ್ಲಿ ಬಣ್ಣದ ಪೆಟ್ಟಿಗೆ, ಚಿತ್ರ ಬರೆಯುವ ಪುಸ್ತಕ ಎಲ್ಲ ಆರಿಸಿ ಬಿಲ್ಲಿನ ಕೌಂಟರಿಗೆ ಬಂದಾಗ ಸೊಂಟದ ಪರ್ಸಿನಿಂದ ಕಾರ್ಡು ತೆಗೆದು ಕೊಟ್ಟರು. ಊರಿನಲ್ಲಿ ಪೆಟ್ರೋಲ್ ಬಂಕು, ಔಷಧಿ ಅಂಗಡಿ, ಬಟ್ಟೆ ಅಂಗಡಿ ಎಲ್ಲ ಕಡೆ ನಡೆಯುವ ಕಾರ್ಡು ಅದು. ಇಲ್ಲಿ ಮಷಿನು ಒಮ್ಮೆ ಬೇಡವೆಂದಿತು. ಹುಡುಗ ಇನ್ನೊಮ್ಮೆ ಹಾಕಿದ. ಮತ್ತೆ ಬೇಡವೆಂದಿತು. ಹಿಂದೆ ಸಾಲಿನಲ್ಲಿ ಆರೇಳು ಜನ. "ಅದರಲ್ಲಿ ದುಡ್ಡು ಉಂಟು ಮಗಾ, ಬರುವ ಮೊದಲೇ ಪಾಸ್‌ಬುಕ್ ಎಂಟ್ರಿ ಮಾಡಿಸಿದ್ದೇನೆ" ಎಂದು ಅವರು ನಮ್ಮ ಕಡೆ ತಿರುಗಿ ಹೇಳಿದರು. ಅವರು ಹೇಳಿದ್ದು ನಮಗಲ್ಲ, ಆ ಸಾಲಿನಲ್ಲಿ ನಿಂತವರಿಗೆ ಎಂದು ನಮಗೆ ಅರ್ಥವಾಯಿತು. ಕೊನೆಗೆ ನಾವೇ ಹಣ ಕೊಟ್ಟೆವು. ಆ ಸಲದ ಪ್ರವಾಸದಲ್ಲಿ ಅವರು ಕಾರ್ಡನ್ನು ಮತ್ತೆ ಹೊರಗೆ ತೆಗೆಯಲಿಲ್ಲ.

ಮನೆಗೆ ಬಂದ ಮೇಲೆ ಅವರು ಕೇಳಿದ ಪ್ರಶ್ನೆ ಹೀಗಿತ್ತು: "ಇಷ್ಟು ಹಳೆಯ ಬ್ಯಾಂಕಿನ ಕಾರ್ಡು, ಇಲ್ಲಿ ಅದರ ಹೆಸರು ಯಾರಿಗೂ ಗೊತ್ತಿಲ್ಲವಾ?"

ಕರಾವಳಿಯವರಿಗೆ ಬ್ಯಾಂಕಿನ ಹೆಸರು ಎಂದರೆ ದೊಡ್ಡ ಸಂಗತಿ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಮೂಲ ಸಂಸ್ಥೆ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, 1924ರಲ್ಲಿ ಕರ್ನಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕು – ಇಷ್ಟು ಸಣ್ಣ ಪ್ರದೇಶದಲ್ಲಿ ಇಷ್ಟು ಬ್ಯಾಂಕುಗಳು ಹುಟ್ಟಿದ ಇನ್ನೊಂದು ಊರನ್ನು ಹುಡುಕುವುದು ಕಷ್ಟ. (ಇವುಗಳಲ್ಲಿ ವಿಜಯಾ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ ಬೇರೆ ಬ್ಯಾಂಕುಗಳೊಂದಿಗೆ ವಿಲೀನವಾದವು. ಆದರೂ ನಮ್ಮ ಹಿರಿಯರ ಬಾಯಲ್ಲಿ ಹಳೆಯ ಹೆಸರುಗಳೇ ಇವೆ.) ಆದರೆ ಅಂಗಡಿಯ ಮಷಿನಿಗೆ ಬ್ಯಾಂಕಿನ ಹೆಸರು ಮುಖ್ಯವಲ್ಲ. ಅದು ಮೊದಲು ನೋಡುವುದು ಕಾರ್ಡಿನ ಮೂಲೆಯಲ್ಲಿರುವ ಇನ್ನೊಂದು ಸಣ್ಣ ಚಿಹ್ನೆ ಯಾವುದೆಂದು. ವೀಸಾ, ಮಾಸ್ಟರ್‌ಕಾರ್ಡ್, ಅಮೆರಿಕನ್ ಎಕ್ಸ್‌ಪ್ರೆಸ್, ರುಪೇ ಇವುಗಳಲ್ಲಿ ಯಾವುದು? ಅತ್ತೆಯವರ ಕಾರ್ಡಿನಲ್ಲಿ ಇದ್ದದ್ದು ರುಪೇ.

ಈ ಚಿಹ್ನೆಯ ಹಿಂದಿರುವ ಸಂಸ್ಥೆಯನ್ನು ನೆಟ್‌ವರ್ಕ್ ಎನ್ನುತ್ತಾರೆ. ವೀಸಾ, ಮಾಸ್ಟರ್‌ಕಾರ್ಡ್, ರುಪೇಯಂಥ ನೆಟ್‌ವರ್ಕ್ ಬ್ಯಾಂಕಲ್ಲ, ನಮಗೆ ಸಾಲ ಕೊಡುವುದಿಲ್ಲ, ನಮ್ಮ ಹಣ ಇಟ್ಟುಕೊಳ್ಳುವುದಿಲ್ಲ. ಹಾಗಾದರೆ ಇದರ ಕೆಲಸವೇನು? ದಿನಸಿ ಅಂಗಡಿಯನ್ನೇ ಮತ್ತೆ ನೆನಪಿಸಿಕೊಳ್ಳೋಣ. ಪುತ್ತೂರಿನ ಮೇಷ್ಟ್ರು ಹುಬ್ಬಳ್ಳಿಗೆ ಹೋಗಿ ಅಲ್ಲಿನ ಅಂಗಡಿಯಲ್ಲಿ ಉದ್ರಿ ಕೇಳಿದರೆ ಕೊಡುತ್ತಾರೆಯೇ? ಕೊಡುವುದಿಲ್ಲ. ಆದರೆ ಪುತ್ತೂರಿನ ಸಾಹುಕಾರರಿಗೂ ಹುಬ್ಬಳ್ಳಿಯ ಸಾಹುಕಾರರಿಗೂ ಪರಿಚಯವಿರುವ ಮೂರನೆಯವರೊಬ್ಬರು "ಇವರು ನಮ್ಮವರು, ಕೊಡಿ, ಹಣಕ್ಕೆ ನಾವು ಜವಾಬ್ದಾರಿ" ಎಂದರೆ ಕೊಡುತ್ತಾರೆ. ನೆಟ್‌ವರ್ಕ್ ಎಂದರೆ ಆ ಮೂರನೆಯವರು. ಒಂದು ಕಡೆ ಕಾರ್ಡು ಕೊಟ್ಟ ಬ್ಯಾಂಕು, ಇನ್ನೊಂದು ಕಡೆ ಅಂಗಡಿಗೆ ಮಷಿನು ಕೊಟ್ಟ ಬ್ಯಾಂಕು ಅಥವಾ ಕಂಪನಿ, ನಡುವೆ ನೆಟ್‌ವರ್ಕ್. ಅಂಗಡಿಗೆ ಮಷಿನು ಕೊಟ್ಟವರು ಯಾವ ನೆಟ್‌ವರ್ಕಿನೊಂದಿಗೆ ಒಪ್ಪಂದ ಮಾಡಿಕೊಂಡಿದ್ದಾರೋ ಆ ಕಾರ್ಡು ಅಲ್ಲಿ ನಡೆಯುತ್ತದೆ. ಒಪ್ಪಂದವಿಲ್ಲದ ನೆಟ್‌ವರ್ಕಿನ ಕಾರ್ಡು, ಅದರ ಹಿಂದೆ ಕೋಟಿ ರೂಪಾಯಿ ಇದ್ದರೂ, ಅಲ್ಲಿ ಬರೀ ಪ್ಲಾಸ್ಟಿಕ್ಕು.

ಕಾರ್ಡನ್ನು ಮಷಿನಿಗೆ ಹಾಕಿದಾಗ ಆಗುವುದಿಷ್ಟೇ. ಮಷಿನು ಕಾರ್ಡಿನ ಸಂಖ್ಯೆಯ ಮೊದಲ ಕೆಲವು ಅಂಕಿಗಳನ್ನು ಓದಿ ಇದು ಯಾವ ನೆಟ್‌ವರ್ಕ್, ಯಾವ ಬ್ಯಾಂಕು ಎಂದು ಗುರುತಿಸುತ್ತದೆ. 4ರಿಂದ ಆರಂಭವಾದರೆ ವೀಸಾ. 51ರಿಂದ 55ರವರೆಗೆ ಇದ್ದರೆ ಮಾಸ್ಟರ್‌ಕಾರ್ಡ್. 34 ಅಥವಾ 37 ಇದ್ದರೆ ಅಮೆರಿಕನ್ ಎಕ್ಸ್‌ಪ್ರೆಸ್. ಅದರಲ್ಲಿ ಅಂಕಿಗಳೂ 16 ಅಲ್ಲ, 15. ರುಪೇ ಕಾರ್ಡುಗಳು ಹೆಚ್ಚಾಗಿ 60, 65, 81, 82 ಇಂಥ ಅಂಕಿಗಳಿಂದ ಶುರುವಾಗುತ್ತವೆ. ಗುರುತಿಸಿದ ಮೇಲೆ "ಇಷ್ಟು ಹಣ ಕೊಡಬಹುದೇ?" ಎಂಬ ಪ್ರಶ್ನೆ ನೆಟ್‌ವರ್ಕಿನ ಮೂಲಕ ಕಾರ್ಡು ಕೊಟ್ಟ ಬ್ಯಾಂಕಿಗೆ ಹೋಗಿ, ಕೆಲವೇ ಕ್ಷಣಗಳಲ್ಲಿ ಉತ್ತರ ಮರಳಿ ಬರುತ್ತದೆ.

ಗಣಿತ ಇಷ್ಟಪಡುವ ಮಕ್ಕಳಿಗೆ ಇಲ್ಲೊಂದು ಮೋಜಿದೆ. ಕಾರ್ಡಿನ ಕೊನೆಯ ಅಂಕಿ ಸುಮ್ಮನೆ ಬಂದದ್ದಲ್ಲ, ಅದು ಕಾವಲುಗಾರ. ಐಬಿಎಂ ಸಂಸ್ಥೆಯ ಹ್ಯಾನ್ಸ್ ಪೀಟರ್ ಲೂನ್ ಎಂಬವರಿಗೆ 1960ರಲ್ಲಿ ಇದರ ಪೇಟೆಂಟ್ ದೊರೆಯಿತು. ಸಣ್ಣದಾಗಿ 6528 ಎಂಬ ಸಂಖ್ಯೆಯನ್ನೇ ತೆಗೆದುಕೊಳ್ಳಿ. ಬಲದಿಂದ ಎಡಕ್ಕೆ ಬರುತ್ತಾ ಒಂದು ಬಿಟ್ಟು ಒಂದು ಅಂಕಿಯನ್ನು ಎರಡರಿಂದ ಗುಣಿಸಬೇಕು. 8 ಹಾಗೆಯೇ, 2 ಎರಡರಿಂದ ಗುಣಿಸಿ 4, 5 ಹಾಗೆಯೇ, 6 ಎರಡರಿಂದ ಗುಣಿಸಿ 12. ಎರಡಂಕಿ ಬಂದರೆ ಅವನ್ನು ಕೂಡಿಸಿ 3. ಒಟ್ಟು 8+4+5+3, ಅಂದರೆ 20. ಹತ್ತರಿಂದ ಭಾಗವಾದರೆ ಸಂಖ್ಯೆ ಸರಿ. ಯಾರಾದರೂ ಅವಸರದಲ್ಲಿ 6258 ಎಂದು ಬರೆದರೆ ಒಟ್ಟು 14 ಬಂದು ತಪ್ಪು ಸಿಕ್ಕಿಬೀಳುತ್ತದೆ. ನಮ್ಮ ಎಂಟನೇ ತರಗತಿಯ ಕನ್ನಡ ಪೀರಿಯಡ್ಡಿನಲ್ಲಿ ಇದನ್ನು ಹೇಳಿಕೊಟ್ಟಾಗ ಇಡೀ ತರಗತಿ ಅರ್ಧ ಗಂಟೆ ಲೆಕ್ಕದಲ್ಲೇ ಮುಳುಗಿತ್ತು. ವ್ಯಾಕರಣ ಪಾಠ ಮಾರನೆಯ ದಿನಕ್ಕೆ ಹೋಯಿತು. (ಅಪ್ಪ ಅಮ್ಮನ ಕಾರ್ಡಿನ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರಬಾರದೆಂದು ಹೇಳಲು ಮರೆತಿರಲಿಲ್ಲ.)

ಈಗ ಅಂಗಡಿಯವರ ಕಡೆಯಿಂದ ನೋಡೋಣ. ಕಾರ್ಡು ನಡೆಸಿಕೊಳ್ಳುವುದು ಅವರಿಗೆ ಪುಕ್ಕಟೆಯಲ್ಲ. ನೂರು ದಿರ್ಹಮಿನ ಸಾಮಾನು ಮಾರಿದರೆ ಕೈಗೆ ಪೂರ್ತಿ ನೂರು ಬರುವುದಿಲ್ಲ. ಉದಾಹರಣೆಗೆ ನೂರಕ್ಕೆ ಎರಡು ಕಡಿತವೆಂದು ಇಟ್ಟುಕೊಂಡರೆ 98 ಬರುತ್ತದೆ. ಆ ಎರಡರಲ್ಲಿ ಕಾರ್ಡು ಕೊಟ್ಟ ಬ್ಯಾಂಕು, ಮಷಿನು ಕೊಟ್ಟವರು, ನೆಟ್‌ವರ್ಕ್ ಮೂವರಿಗೂ ಪಾಲಿದೆ. ನಮಗೆ ಸಿಗುವ ಬಹುಮಾನದ ಪಾಯಿಂಟುಗಳು ಹೆಚ್ಚಾಗಿ ಈ ಕಡಿತದಿಂದಲೇ ಬಂದವು ಎಂಬುದನ್ನು ನಾವು ಯೋಚಿಸುವುದೇ ಇಲ್ಲ. ಕಡಿತ ಹೆಚ್ಚಾದರೆ ಅಂಗಡಿಯವರು "ಆ ಕಾರ್ಡು ಬೇಡ" ಎನ್ನುತ್ತಾರೆ. 1991ರಲ್ಲಿ ಅಮೆರಿಕದ ಬಾಸ್ಟನ್ ನಗರದ ಹೋಟೆಲಿನವರು ಶುಲ್ಕ ಜಾಸ್ತಿಯಾಯಿತೆಂದು ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡಿನ ವಿರುದ್ಧ ಬಂಡಾಯವೆದ್ದಿದ್ದರು. ಕಂಪನಿ ಶುಲ್ಕ ಇಳಿಸಬೇಕಾಯಿತು. ಕೆಲವು ದೊಡ್ಡ ಅಂಗಡಿಗಳು ತಾವೇ ಒಂದು ನೆಟ್‌ವರ್ಕನ್ನು ಆರಿಸಿಕೊಳ್ಳುವುದೂ ಉಂಟು. ಅಮೆರಿಕದಲ್ಲಿರುವ ಬಂಧುಗಳು ಹೇಳಿರಬಹುದು, ಅಲ್ಲಿನ ಕಾಸ್ಟ್‌ಕೊ ಮಳಿಗೆಗಳಲ್ಲಿ 2016ರ ಜೂನ್‌ವರೆಗೆ ಕ್ರೆಡಿಟ್ ಕಾರ್ಡುಗಳಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಮಾತ್ರ ನಡೆಯುತ್ತಿತ್ತು, ಅನಂತರ ವೀಸಾ ಮಾತ್ರ. ಒಂದೇ ಅಂಗಡಿ, ಒಂದೇ ಗಿರಾಕಿ, ಒಂದು ದಿನದಿಂದ ಇನ್ನೊಂದು ದಿನಕ್ಕೆ ಕಾರ್ಡು ಬದಲು!

ಇನ್ನು ನಮ್ಮ ರುಪೇ ಕಥೆಗೆ ಬರೋಣ. ವೀಸಾದ ಮೂಲ 1958ರಲ್ಲಿ ಕ್ಯಾಲಿಫೋರ್ನಿಯಾದ ಬ್ಯಾಂಕೊಂದು ತಂದ ಕಾರ್ಡು. ಮಾಸ್ಟರ್‌ಕಾರ್ಡಿನ ಮೂಲ 1966ರಲ್ಲಿ ಅಮೆರಿಕದ ಕೆಲವು ಬ್ಯಾಂಕುಗಳು ಕಟ್ಟಿಕೊಂಡ ಕೂಟ. ಅಂದರೆ ಐವತ್ತು ಅರವತ್ತು ವರ್ಷಗಳಿಂದ ಅಂಗಡಿ ಅಂಗಡಿ ಸುತ್ತಿ ಒಪ್ಪಂದ ಮಾಡಿಕೊಂಡು ಬಂದವರು ಅವರು. ಭಾರತದಲ್ಲಿ ರಾಷ್ಟ್ರೀಯ ಪಾವತಿ ನಿಗಮ ಸ್ಥಾಪನೆಯಾದದ್ದು 2008ರಲ್ಲಿ. ಅದು ರುಪೇ ಕಾರ್ಡನ್ನು ಆರಂಭಿಸಿದ್ದು 2012ರ ಮಾರ್ಚಿನಲ್ಲಿ. 2014ರ ಮೇ 8ರಂದು ಆಗಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಅದನ್ನು ರಾಷ್ಟ್ರಕ್ಕೆ ಸಮರ್ಪಿಸಿದರು. ಅದೇ ಆಗಸ್ಟಿನಲ್ಲಿ ಜನಧನ ಯೋಜನೆ ಬಂದಾಗ ಮೊದಲ ಬಾರಿಗೆ ಬ್ಯಾಂಕ್ ಖಾತೆ ತೆರೆದ ಹಳ್ಳಿಯವರ ಕೈಗೂ ರುಪೇ ಡೆಬಿಟ್ ಕಾರ್ಡು ಬಂತು. ರುಪೇ ಕ್ರೆಡಿಟ್ ಕಾರ್ಡು ಬಂದದ್ದು ಅದಕ್ಕಿಂತ ತಡವಾಗಿ, 2017ರಲ್ಲಿ. ಡೆಬಿಟ್ ಎಂದರೆ ನಮ್ಮ ಖಾತೆಯಲ್ಲಿರುವ ಹಣ, ಕ್ರೆಡಿಟ್ ಎಂದರೆ ಬ್ಯಾಂಕು ಕೊಡುವ ಉದ್ರಿ. ಆದರೆ ಅಂಗಡಿಯಿಂದ ಬ್ಯಾಂಕಿಗೆ ಹೋಗುವ ದಾರಿ ಎರಡಕ್ಕೂ ಒಂದೇ.

ಸ್ವಂತ ದಾರಿ ಏಕೆ ಬೇಕಿತ್ತು, ಇದ್ದ ದಾರಿಯಲ್ಲೇ ಹೋಗಬಹುದಿತ್ತಲ್ಲ ಎಂದು ಹತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ನಮ್ಮನ್ನು ಕೇಳಿದಳು. ಒಳ್ಳೆಯ ಪ್ರಶ್ನೆ. ಶುಲ್ಕ ಹೊರದೇಶಕ್ಕೆ ಹೋಗುವುದು ಒಂದು ಕಾರಣ. ಇನ್ನೊಂದು ಕಾರಣ 2022ರಲ್ಲಿ ಎಲ್ಲರಿಗೂ ಕಾಣಿಸಿತು. ಆ ವರ್ಷದ ಮಾರ್ಚಿನಲ್ಲಿ, ಉಕ್ರೇನ್ ಯುದ್ಧದ ಬಳಿಕ, ವೀಸಾ ಮತ್ತು ಮಾಸ್ಟರ್‌ಕಾರ್ಡ್ ಸಂಸ್ಥೆಗಳು ರಷ್ಯಾದಲ್ಲಿ ತಮ್ಮ ಕೆಲಸ ನಿಲ್ಲಿಸಿದವು. ರಷ್ಯಾದ ಬ್ಯಾಂಕುಗಳು ಕೊಟ್ಟಿದ್ದ ಕಾರ್ಡುಗಳು ಹೊರದೇಶಗಳಲ್ಲಿ ನಿಂತುಹೋದವು, ಹೊರಗಿನ ಕಾರ್ಡುಗಳು ರಷ್ಯಾದಲ್ಲಿ ನಿಂತುಹೋದವು. ಆದರೆ ದೇಶದೊಳಗೆ ಜನ ಕಾರ್ಡಿನಿಂದ ಬ್ರೆಡ್ಡು ಹಾಲು ಕೊಳ್ಳುವುದು ನಿಲ್ಲಲಿಲ್ಲ, ಏಕೆಂದರೆ ಅಲ್ಲಿ ಅದಕ್ಕೂ ಮೊದಲೇ ಸ್ವಂತ ವ್ಯವಸ್ಥೆ ಇತ್ತು, ಮಿರ್ ಎಂಬ ಕಾರ್ಡೂ ಇತ್ತು. ಯಾರ ಪರ ಯಾರ ವಿರೋಧ ಎಂಬುದು ಇಲ್ಲಿ ನಮ್ಮ ವಿಷಯವಲ್ಲ. ಜಾಮೀನು ಹೇಳುವವರು ಒಬ್ಬರೇ ಆಗಿದ್ದು ಅವರೇ ಮಾತು ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಅದೊಂದು ಉದಾಹರಣೆ.

ಭಾರತದೊಳಗೆ ರುಪೇ ಎಲ್ಲಿ ನಡೆಯುತ್ತದೆ? ಸ್ವೈಪ್ ಮಷಿನು ಇರುವ ಬಹುತೇಕ ಎಲ್ಲ ಅಂಗಡಿಗಳಲ್ಲಿ, ಎಟಿಎಂಗಳಲ್ಲಿ. 2020ರ ಜನವರಿ 1ರಿಂದ ರುಪೇ ಡೆಬಿಟ್ ಕಾರ್ಡಿಗೆ ಅಂಗಡಿಯವರಿಂದ ಶುಲ್ಕ ಕಡಿತವೇ ಇಲ್ಲವೆಂದು ಮಾಡಿದ್ದರಿಂದ ಬೇಡ ಎನ್ನಲು ಅವರಿಗೂ ಕಾರಣ ಉಳಿಯಲಿಲ್ಲ. ರುಪೇ ಕ್ರೆಡಿಟ್ ಕಾರ್ಡಿಗೆ ಅದಕ್ಕಿಂತ ದೊಡ್ಡ ಬಾಗಿಲು ತೆರೆದದ್ದು 2022ರ ಸೆಪ್ಟೆಂಬರಿನಲ್ಲಿ. ಮೊಬೈಲಿನ ಯುಪಿಐಗೆ ರುಪೇ ಕ್ರೆಡಿಟ್ ಕಾರ್ಡನ್ನು ಜೋಡಿಸಿ, ಅಂಗಡಿಯ ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡಿ ಉದ್ರಿಯಲ್ಲಿ ಹಣ ಕೊಡುವುದು ಸಾಧ್ಯವಾಯಿತು. ಮಷಿನಿನ ಮುಖವನ್ನೇ ಕಾಣದ ದಿನಸಿ ಅಂಗಡಿಗೂ ಕ್ರೆಡಿಟ್ ಕಾರ್ಡು ತಲುಪಿದ್ದು ಹೀಗೆ. ಸಣ್ಣ ವ್ಯಾಪಾರಿಗಳಿಗೆ 2,000 ರೂಪಾಯಿಯವರೆಗಿನ ಇಂಥ ವ್ಯವಹಾರಕ್ಕೆ ಶುಲ್ಕವನ್ನೂ ಇಡಲಿಲ್ಲ. "ಇಂದು ನಗದು, ನಾಳೆ ಉದ್ರಿ" ಬೋರ್ಡಿನ ಕೆಳಗೇ ಈಗ ಕ್ಯೂಆರ್ ಚಿತ್ರ ಅಂಟಿಸಿರುತ್ತಾರೆ!

ಆದರೆ ಎಳನೀರಿನವರ ಬಳಿ ಒಮ್ಮೊಮ್ಮೆ ಇದೇ ಕಾರ್ಡು ಕೈಕೊಡುತ್ತದೆ. ಕಾರಣವಿಷ್ಟೆ: ಅವರ ಗಾಡಿಗೆ ಅಂಟಿಸಿರುವುದು ಅಂಗಡಿಯ ಕ್ಯೂಆರ್ ಅಲ್ಲ, ಅವರ ಸ್ವಂತ ಖಾತೆಯದ್ದು. ಒಬ್ಬರಿಂದ ಇನ್ನೊಬ್ಬರಿಗೆ ಹಣ ಕಳಿಸಲು ಕ್ರೆಡಿಟ್ ಕಾರ್ಡನ್ನು ಬಳಸುವಂತಿಲ್ಲ ಎಂಬ ನಿಯಮವಿದೆ. ಆಗ ಬ್ಯಾಂಕಿನ ಖಾತೆಯಿಂದ ಕೊಡಬೇಕು, ಇಲ್ಲವೇ ಜೇಬಿನಲ್ಲಿ ಚಿಲ್ಲರೆ ಇರಬೇಕು.

ಇಲ್ಲಿ 12ನೇ ತರಗತಿ ಮುಗಿಸಿ ಬೆಂಗಳೂರು, ಮಣಿಪಾಲ, ಸುರತ್ಕಲ್ ಎಂದು ಕಾಲೇಜಿಗೆ ಹೋಗುವ ನಮ್ಮ ಮಕ್ಕಳಿಗೆ ಮೊದಲ ವಾರದಲ್ಲೇ ಬ್ಯಾಂಕ್ ಖಾತೆ ಬೇಕಾಗುತ್ತದೆ. ಅವರ ಕೈಗೆ ಮೊದಲು ಬರುವ ಕಾರ್ಡು ಹೆಚ್ಚಾಗಿ ರುಪೇ ಡೆಬಿಟ್ ಕಾರ್ಡೇ. ಬೆಂಗಳೂರಿನ ನಮ್ಮ ಮೆಟ್ರೋದಲ್ಲಿ 2023ರಿಂದ ಬಳಕೆಗೆ ಬಂದ ರಾಷ್ಟ್ರೀಯ ಪ್ರಯಾಣ ಕಾರ್ಡು ಕೂಡ ರುಪೇಯದ್ದೇ. ಅದನ್ನು ಇತರ ಕೆಲವು ನಗರಗಳ ಮೆಟ್ರೋಗಳಲ್ಲೂ ಬಳಸಬಹುದು. ಮುಂದೆ ನೌಕರಿ ಸಿಕ್ಕಿ ಕ್ರೆಡಿಟ್ ಕಾರ್ಡು ತೆಗೆದುಕೊಳ್ಳುವ ದಿನ ಬಂದಾಗ ನೆನಪಿಡಬೇಕಾದ ಒಂದು ನಿಯಮವಿದೆ. 2024ರ ಸೆಪ್ಟೆಂಬರಿನಿಂದ, ಹೊಸ ಕ್ರೆಡಿಟ್ ಕಾರ್ಡು ಕೊಡುವಾಗ ದೊಡ್ಡ ಬ್ಯಾಂಕುಗಳು ಯಾವ ನೆಟ್‌ವರ್ಕ್ ಬೇಕೆಂದು ಗಿರಾಕಿಯನ್ನೇ ಕೇಳಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಕೇಳದಿದ್ದರೆ ನೀವೇ ಕೇಳಿ. ಊರಿನ ದಿನಸಿ ಅಂಗಡಿಯ ಕ್ಯೂಆರ್‌ಗೆ ಬೇಕಿದ್ದರೆ ರುಪೇ. ದೇಶ ದೇಶ ಸುತ್ತುವ ಕೆಲಸವಿದ್ದರೆ ಜೊತೆಗೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಒಂದಿರಲಿ ಎಂಬುದು ನಮ್ಮ ಅಭಿಪ್ರಾಯ.

ಭಾರತದ ಹೊರಗೆ ಬಂದ ಕೂಡಲೇ ಲೆಕ್ಕ ಬೇರೆಯಾಗುತ್ತದೆ. ರುಪೇ ಕಾರ್ಡುಗಳಲ್ಲಿ ಎರಡು ಬಗೆ. ಒಂದು ಭಾರತದೊಳಗೆ ಮಾತ್ರ ನಡೆಯುವಂಥದ್ದು, ಇನ್ನೊಂದು ರುಪೇ ಗ್ಲೋಬಲ್. ಗ್ಲೋಬಲ್ ಕಾರ್ಡಿಗಾಗಿ ರುಪೇಯವರು ಅಂಗಡಿ ಅಂಗಡಿ ಸುತ್ತಲಿಲ್ಲ. ಅಮೆರಿಕದ ಡಿಸ್ಕವರ್ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡು ಅದರ ದಾರಿಯಲ್ಲಿ ನಡೆದರು. ಆದ್ದರಿಂದ ಅಮೆರಿಕದಲ್ಲಿ ಅಂಗಡಿಯ ಗಾಜಿನ ಮೇಲೆ ರುಪೇ ಎಂಬ ಹೆಸರನ್ನು ಹುಡುಕಿ ಪ್ರಯೋಜನವಿಲ್ಲ. ಡಿಸ್ಕವರ್ ಅಥವಾ ಡೈನರ್ಸ್ ಕ್ಲಬ್ ಚಿಹ್ನೆ ಇದೆಯೇ ಎಂದು ನೋಡಬೇಕು. ಜಪಾನಿನ ಜೆಸಿಬಿ ಜೊತೆ ಸೇರಿ ತಂದ ಕಾರ್ಡುಗಳೂ ಇವೆ. (ಜೆಸಿಬಿ ಎಂದ ಕೂಡಲೇ ನಮ್ಮ ತರಗತಿ ಗೊಳ್ಳೆಂದು ನಕ್ಕಿತು. ಇದು ಮಣ್ಣು ಅಗೆಯುವ ಹಳದಿ ಯಂತ್ರವಲ್ಲ ಮಕ್ಕಳೇ, 1961ರಲ್ಲಿ ಜಪಾನಿನಲ್ಲಿ ಆರಂಭವಾದ ಕಾರ್ಡು ಸಂಸ್ಥೆ.) ನೆರೆಯ ಭೂತಾನದಲ್ಲಿ 2019ರಲ್ಲಿ, ನೇಪಾಳದಲ್ಲಿ 2022ರಲ್ಲಿ, ಮಾರಿಷಸ್ ಮತ್ತು ಮಾಲ್ಡೀವ್ಸ್‌ನಲ್ಲಿ 2024ರಲ್ಲಿ ರುಪೇಗೆ ನೇರವಾಗಿ ಬಾಗಿಲು ತೆರೆಯಿತು.

ನಾವಿರುವ ಯುಎಇಯಲ್ಲಿ ಆ ದಿನ 2019ರ ಆಗಸ್ಟ್ 24. ಭಾರತದ ಪ್ರಧಾನಿ ನರೇಂದ್ರ ಮೋದಿಯವರು ಅಬುಧಾಬಿಯ ಎಮಿರೇಟ್ಸ್ ಪ್ಯಾಲೇಸ್ ಹೋಟೆಲಿನಲ್ಲಿ ರುಪೇ ಕಾರ್ಡನ್ನು ಬಿಡುಗಡೆ ಮಾಡಿ, ಅದೇ ಕಾರ್ಡಿನಿಂದ ಲಾಡು ಕೊಂಡರು. ಆ ಲಾಡು ಬಹರೈನಿನ ಶ್ರೀನಾಥಜಿ ದೇವಸ್ಥಾನದ ಪ್ರಸಾದಕ್ಕೆ ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಕೊಲ್ಲಿ ದೇಶಗಳಲ್ಲಿ ರುಪೇ ಮೊದಲು ಬಂದದ್ದು ಇಲ್ಲಿಗೇ.

ಅದಕ್ಕಿಂತ ದೊಡ್ಡ ಸಂಗತಿ ನಡೆದದ್ದು ನಂತರ. ಯುಎಇಗೂ ತನ್ನದೇ ಕಾರ್ಡು ನೆಟ್‌ವರ್ಕ್ ಬೇಕೆನಿಸಿತು. ಅದಕ್ಕೆ ಬೇಕಾದ ತಾಂತ್ರಿಕ ವ್ಯವಸ್ಥೆಗಾಗಿ 2023ರ ಅಕ್ಟೋಬರಿನಲ್ಲಿ ಇಲ್ಲಿನ ಸೆಂಟ್ರಲ್ ಬ್ಯಾಂಕಿನ ಅಂಗಸಂಸ್ಥೆ ಅಲ್ ಎತಿಹಾದ್ ಪೇಮೆಂಟ್ಸ್, ಭಾರತದ ಪಾವತಿ ನಿಗಮದ ಅಂತರರಾಷ್ಟ್ರೀಯ ಘಟಕದೊಂದಿಗೆ ಒಪ್ಪಂದ ಮಾಡಿಕೊಂಡಿತು. ಹೀಗೆ ರುಪೇ ತಂತ್ರಜ್ಞಾನದ ಮೇಲೆ ಕಟ್ಟಿದ ಕಾರ್ಡಿನ ಹೆಸರು ಜೈವಾನ್. ಹಿಂದೆ ಈ ಕೊಲ್ಲಿಯಲ್ಲಿ ಮುತ್ತು ತೆಗೆಯುತ್ತಿದ್ದ ಕಾಲದಲ್ಲಿ ಬಹಳ ಶ್ರೇಷ್ಠವಾದ ಮುತ್ತಿಗೆ ಇದ್ದ ಹೆಸರು ಅದು. 2024ರ ಫೆಬ್ರವರಿ 13ರಂದು ಅಬುಧಾಬಿಯಲ್ಲಿ ಯುಎಇ ಅಧ್ಯಕ್ಷ ಶೇಖ್ ಮೊಹಮ್ಮದ್ ಬಿನ್ ಝಾಯೆದ್ ಮತ್ತು ಭಾರತದ ಪ್ರಧಾನಿಯವರ ಎದುರಿನಲ್ಲೇ ಜೈವಾನ್ ಕಾರ್ಡಿನ ವ್ಯವಹಾರ ನಡೆಸಿ ತೋರಿಸಲಾಯಿತು. ರುಪೇ ಮತ್ತು ಜೈವಾನ್ ಎರಡನ್ನೂ ಪರಸ್ಪರ ಜೋಡಿಸುವ ಒಪ್ಪಂದಕ್ಕೂ ಅಂದೇ ಸಹಿ ಬಿತ್ತು. ಪೋಷಕರೇ, ನಿಮ್ಮ ಇಲ್ಲಿನ ಬ್ಯಾಂಕಿನ ಕಾರ್ಡನ್ನು ಒಮ್ಮೆ ತೆಗೆದು ನೋಡಿ. ಇತ್ತೀಚೆಗೆ ಬಂದ ಡೆಬಿಟ್ ಕಾರ್ಡಾದರೆ ಜೈವಾನ್ ಎಂಬ ಹೆಸರು ಅದರ ಮೇಲೆಯೂ ಇರಬಹುದು.

ಇಷ್ಟೆಲ್ಲ ಇದ್ದೂ ಅತ್ತೆಯವರ ಕಾರ್ಡು ಏಕೆ ನಡೆಯಲಿಲ್ಲ? ಆಮೇಲೆ ಕನ್ನಡಕ ಹಾಕಿಕೊಂಡು ಅದರ ಹಿಂಬದಿ ಓದಿದೆವು. ಭಾರತದಲ್ಲಿ ಮಾತ್ರ ಮಾನ್ಯ ಎಂದು ಇಂಗ್ಲಿಷಿನಲ್ಲಿ ಸಣ್ಣಕ್ಷರದಲ್ಲಿತ್ತು. ಇನ್ನೊಂದು ಸಂಗತಿಯೂ ಗೊತ್ತಾಯಿತು. 2020ರಲ್ಲಿ ರಿಸರ್ವ್ ಬ್ಯಾಂಕ್ ತಂದ ಸುರಕ್ಷತಾ ನಿಯಮದ ಪ್ರಕಾರ ಭಾರತದ ಯಾವುದೇ ಹೊಸ ಕಾರ್ಡು, ವೀಸಾ ಇರಲಿ ರುಪೇ ಇರಲಿ, ಕೈಗೆ ಬರುವಾಗ ದೇಶದೊಳಗಿನ ಅಂಗಡಿ ಮತ್ತು ಎಟಿಎಂಗೆ ಮಾತ್ರ ತೆರೆದಿರುತ್ತದೆ. ಆನ್‌ಲೈನ್ ಖರೀದಿ, ತಾಗಿಸಿ ಪಾವತಿ, ಹೊರದೇಶದ ಬಳಕೆ ಇವನ್ನು ಕಾರ್ಡಿನವರೇ ಬ್ಯಾಂಕಿನ ಆ್ಯಪ್‌ನಲ್ಲೋ ಶಾಖೆಯಲ್ಲೋ ಕೇಳಿ ತೆರೆಸಿಕೊಳ್ಳಬೇಕು. ಕಳ್ಳತನ ತಡೆಯಲು ಒಳ್ಳೆಯ ನಿಯಮವೇ. ಆದರೆ ವಿಮಾನ ಹತ್ತುವ ಎಪ್ಪತ್ತು ವರ್ಷದವರಿಗೆ ಇದನ್ನು ಹೇಳುವವರು ಯಾರು?

ಆದ್ದರಿಂದ ಮಷಿನು ಬೇಡವೆಂದಾಗ ಖಾತೆಯಲ್ಲಿ ಹಣವಿಲ್ಲ ಎಂದೇ ಅರ್ಥವಲ್ಲ. ಈ ಕಾರ್ಡು ನನಗೆ ಗೊತ್ತಿಲ್ಲ ಎಂದು ಮಷಿನು ಹೇಳಿದರೆ ಪ್ರಶ್ನೆ ಅಂಗಡಿ ಬಿಟ್ಟು ಹೊರಗೇ ಹೋಗಿಲ್ಲ. ಬೇರೆ ಅಂಗಡಿಯಲ್ಲಿ ನಡೆಯಬಹುದು. ನಿರಾಕರಿಸಲಾಗಿದೆ ಎಂದರೆ ಪ್ರಶ್ನೆ ಮೇಲೆ ಹೋಗಿ ಇಲ್ಲವೆಂಬ ಉತ್ತರ ಬಂದಿದೆ; ಹೊರದೇಶದ ಬಳಕೆ ಮುಚ್ಚಿರಬಹುದು, ದಿನದ ಮಿತಿ ದಾಟಿರಬಹುದು, ಪಿನ್ ತಪ್ಪಿರಬಹುದು. ಕೌಂಟರಿನಲ್ಲಿ ಕುಳಿತವರಿಗೂ ಈ ವ್ಯತ್ಯಾಸ ಗೊತ್ತಿದ್ದರೆ ಹಿರಿಯರು ಸಾಲಿನ ಮುಂದೆ ತಲೆ ತಗ್ಗಿಸಬೇಕಾಗಿರಲಿಲ್ಲ ಎಂದು ನಮಗೆ ಈಗಲೂ ಅನಿಸುತ್ತದೆ.

ಊರಿಗೆ ಹೋದ ಮೇಲೆ ಅತ್ತೆಯವರು ಶಾಖೆಗೆ ಎರಡು ಸಲ ಹೋಗಿ ಗ್ಲೋಬಲ್ ಕಾರ್ಡು ಮಾಡಿಸಿಕೊಂಡರು, ಹೊರದೇಶದ ಬಳಕೆಯನ್ನೂ ತೆರೆಸಿದರು. 2025ರ ಜನವರಿಯಲ್ಲಿ ಮತ್ತೆ ಬಂದಾಗ ಮೊದಲು ಹೋದ ಔಷಧಿ ಅಂಗಡಿಯಲ್ಲಿ ಮಷಿನು ಕಾರ್ಡನ್ನು ಗುರುತಿಸಲೇ ಇಲ್ಲ. ಈ ಸಲ ಅವರು ನಗುತ್ತಲೇ ಕಾರ್ಡು ಮರಳಿ ಪಡೆದು, "ಇದು ಆ ಮೊದಲನೇ ಬಗೆಯದ್ದು, ಅಲ್ಲವಾ?" ಎಂದರು. ಎರಡನೆಯ ಅಂಗಡಿಯಲ್ಲಿ ನಡೆಯಿತು. ಮೊಮ್ಮಗನಿಗೆ ಜ್ಯಾಮಿತಿ ಪೆಟ್ಟಿಗೆ ಮತ್ತು ಎರಡು ಡಜನ್ ಬಣ್ಣದ ಪೆನ್ಸಿಲ್. ಪಿನ್ ಒತ್ತುವಾಗ ನಾವು ನೋಡಬಾರದೆಂದು ಕೈ ಅಡ್ಡ ಹಿಡಿದಿದ್ದರು.

ರೂಪಾಯಿಯಲ್ಲಿ ಎಷ್ಟಾಯಿತೆಂದು ನೋಡಿದಾಗ ಅವರಿಗೆ ಸ್ವಲ್ಪ ಬೇಸರವಾಯಿತು. ಭಾರತದ ಕಾರ್ಡನ್ನು ಹೊರದೇಶದಲ್ಲಿ ಬಳಸಿದರೆ ಅನೇಕ ಬ್ಯಾಂಕುಗಳು ವಿನಿಮಯದ ಮೇಲೆ ನೂರಕ್ಕೆ ಎರಡರಿಂದ ಮೂರೂವರೆಯಷ್ಟು ಹೆಚ್ಚುವರಿ ಶುಲ್ಕ ಹಾಕುತ್ತವೆ. ಅದರ ಜೊತೆಗೆ ಮಷಿನು "ದಿರ್ಹಮಿನಲ್ಲಿ ಕೊಡುತ್ತೀರೋ ರೂಪಾಯಿಯಲ್ಲೋ" ಎಂದು ಕೇಳಿದರೆ ದಿರ್ಹಮ್ ಎಂದೇ ಒತ್ತಿ. ರೂಪಾಯಿ ಎಂದರೆ ನಮ್ಮ ಭಾಷೆಯಲ್ಲಿ ಮಾತಾಡಿದಂತೆ ಹಿತವಾಗಿ ಕಾಣುತ್ತದೆ, ಆದರೆ ಆ ವಿನಿಮಯ ದರ ಸಾಮಾನ್ಯವಾಗಿ ದುಬಾರಿ. ದಿನನಿತ್ಯದ ಸಾಮಾ‌ನಿಗೆ ಇಲ್ಲಿನ ಕಾರ್ಡೇ ಸರಿ. ಊರಿನ ಕಾರ್ಡು ಹಿರಿಯರ ಕೈಯಲ್ಲಿ ಆಪತ್ಕಾಲಕ್ಕೆ ಮತ್ತು ಇಂಥ ಉಡುಗೊರೆಗಳಿಗೆ ಇರಲಿ. ಮೊಬೈಲಿನಲ್ಲಿ ಯುಪಿಐ ಬಳಸುವವರಾದರೆ 2022ರಿಂದ ಇಲ್ಲಿನ ಕೆಲವು ಅಂಗಡಿಗಳಲ್ಲಿ, 2024ರ ಜುಲೈಯಿಂದ ಲುಲು ಮಳಿಗೆಗಳಲ್ಲಿ ಅದೂ ನಡೆಯುತ್ತಿದೆ.

ಬೇಸಿಗೆ ರಜೆಗೆ ಊರಿಗೆ ಹೋಗುವ ನಮ್ಮವರಿಗೂ ಒಂದು ಮಾತು. ಯುಎಇಯ ಮೊಬೈಲ್ ಸಂಖ್ಯೆಯನ್ನೇ ಇಟ್ಟುಕೊಂಡು, ಊರಿನ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಗೆ ಯುಪಿಐ ಜೋಡಿಸಿಕೊಳ್ಳಲು 2023ರಿಂದ ಅವಕಾಶವಿದೆ. ಸೌದಿ, ಕತಾರ್, ಒಮಾನ್‌ನಲ್ಲಿರುವ ಬಂಧುಗಳಿಗೂ ಇದು ಅನ್ವಯ. ನಿಮ್ಮ ಬ್ಯಾಂಕು ಈ ಸೌಲಭ್ಯ ಕೊಡುತ್ತದೆಯೇ ಎಂದು ಹೊರಡುವ ಮೊದಲೇ ಕೇಳಿಕೊಳ್ಳಿ.

ಇನ್ನು ಇಲ್ಲಿಗೆ ಬರುವ ಅಜ್ಜ ಅಜ್ಜಿಯರ ಕಾರ್ಡಿನ ವಿಷಯ. ಮಕ್ಕಳೇ, ಇದನ್ನು ನೀವೇ ಮಾಡಬಹುದು. ಅವರು ಹೊರಡುವ ವಾರ ಫೋನು ಮಾಡಿ, ಕಾರ್ಡಿನ ಹಿಂಬದಿಯನ್ನು ಓದಿ ಹೇಳಲು ಹೇಳಿ. ಭಾರತಕ್ಕೆ ಮಾತ್ರ ಎಂದಿದೆಯೇ, ಹೊರದೇಶದ ಬಳಕೆ ತೆರೆದಿದೆಯೇ, ಪಿನ್ ನೆನಪಿದೆಯೇ (ಪಿನ್ ಎಷ್ಟೆಂದು ಮಾತ್ರ ಕೇಳಬೇಡಿ), ಬ್ಯಾಂಕಿನ ಸಂದೇಶ ಬರುವ ಊರಿನ ಸಿಮ್ ಇಲ್ಲಿ ಕೆಲಸ ಮಾಡುತ್ತದೆಯೇ? ಕಾರ್ಡಿನ ಹಿಂದೆ ಇರುವ 1800ರಿಂದ ಆರಂಭವಾಗುವ ಉಚಿತ ದೂರವಾಣಿ ಸಂಖ್ಯೆಗಳು ಸಾಮಾನ್ಯವಾಗಿ ಇಲ್ಲಿಂದ ಸಿಗುವುದಿಲ್ಲ. +91ರಿಂದ ಆರಂಭವಾಗುವ ಇನ್ನೊಂದು ಸಂಖ್ಯೆಯನ್ನು ಬ್ಯಾಂಕಿನಿಂದ ಕೇಳಿ, ಕಾರ್ಡಿನ ಜೊತೆಗಲ್ಲದೆ ಬೇರೆ ಕಡೆ ಬರೆದಿಡಲು ಹೇಳಿ. ನಮ್ಮ ಅತ್ತೆಯವರು ಅದನ್ನು ತಮ್ಮ ಪಂಚಾಂಗದ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದಾರೆ.